ಮೂರು ನೋಟಿಸು, ಒಂದು ಪಾಸ್‌ಬುಕ್ಕು

2023ರ ಡಿಸೆಂಬರ್ ಮೊದಲ ವಾರ. ಪುಣೆಯ ಹಿಂಜವಡಿಯಲ್ಲಿ ಆಫೀಸಿನ ಕ್ಯಾಬು ಎಂದಿನಂತೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಅಕ್ಕನ ಮಗಳ ಫೋನ್ ಬಂತು. "ಮಾಮಾ, ಹಾಸ್ಟೆಲ್‌ನ್ಯಾಗ ಒಳಗ ಬಿಡವಲ್ರು. ಕಾಲೇಜಿನ ಪಟ್ಟಿಯೊಳಗ ನನ್ನ ಹೆಸರ ಇಲ್ಲಂತ."

ಎಂಬಿಬಿಎಸ್ ಎರಡನೇ ವರ್ಷದ ಹುಡುಗಿ. ಊರು ಗದಗ. ಓದುತ್ತಿದ್ದುದು ಪುಣೆಯಿಂದ ಬಸ್ಸಿನಲ್ಲಿ ಕೆಲವು ತಾಸು ದೂರದ, ಒಂದು ಡೀಮ್ಡ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ. ಭಾವ ನಾಲ್ಕು ಎಕರೆ ಎರೆ ಹೊಲ ಮಾರಿ, ಉಳಿದದ್ದಕ್ಕೆ ಬ್ಯಾಂಕಿನಿಂದ ಸಾಲ ಎತ್ತಿ ಕಟ್ಟಿದ ಸೀಟು ಅದು. ಹತ್ತಿರದಲ್ಲಿರುವವನು ನಾನೊಬ್ಬನೇ ಎಂದು ಪ್ರವೇಶದ ಅರ್ಜಿಯಲ್ಲಿ 'ಸ್ಥಳೀಯ ಪೋಷಕ' ಎಂಬ ಜಾಗದಲ್ಲಿ ನನ್ನ ಹೆಸರು, ನನ್ನ ಮೊಬೈಲ್ ನಂಬರ್ ಬರೆದಿದ್ದರು. ಆ ನಂಬರಿನ ವಿಷಯ ಮುಂದೆ ಬರುತ್ತದೆ.

ಮೊದಲು ಕಾಯಿಲೆಯ ವಿಷಯ. ಆ ವರ್ಷದ ಜುಲೈನಲ್ಲಿ ಅವಳಿಗೆ ಬಿಡದ ಜ್ವರ, ಉಸಿರೆಳೆದರೆ ಪಕ್ಕೆಯಲ್ಲಿ ಚುಚ್ಚು ನೋವು. ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಶ್ವಾಸಕೋಶದ ಸುತ್ತ ನೀರು ತುಂಬಿತ್ತು. ಸೂಜಿ ಹಾಕಿ ತೆಗೆದು ಪರೀಕ್ಷಿಸಿದಾಗ ಕ್ಷಯ ಎಂದು ಗೊತ್ತಾಯಿತು. ವಾರ್ಡುಗಳಲ್ಲಿ ಓಡಾಡುವ ವೈದ್ಯ ವಿದ್ಯಾರ್ಥಿಗಳಿಗೆ ಇದು ತಗಲುವುದು ಅಪರೂಪವಲ್ಲ. ಆರು ದಿನ ಅಲ್ಲೇ ಒಳರೋಗಿಯಾಗಿದ್ದಳು. ಅಲ್ಲಿನ ಡಾಟ್ಸ್ ಕೇಂದ್ರದಲ್ಲೇ ಮಾತ್ರೆ ಕೊಟ್ಟರು. ವಿಶ್ರಾಂತಿಗೆ ಊರಿಗೆ ಹೋದಳು. ಆಗಸ್ಟ್‌ನಲ್ಲಿ ಆ ಮಾತ್ರೆಗಳಿಂದಲೇ ಕಾಮಾಲೆಯಾಯಿತು. ಎಲ್ಲ ನಿಲ್ಲಿಸಿ, ಯಕೃತ್ತು ಸುಧಾರಿಸಿದ ಮೇಲೆ ಒಂದೊಂದೇ ಔಷಧಿಯನ್ನು ಮತ್ತೆ ಶುರು ಮಾಡಬೇಕಾಯಿತು. ಹೀಗೆ ಎರಡು ತಿಂಗಳೆಂದು ಹೋದವಳು ನಾಲ್ಕು ತಿಂಗಳಿಗೂ ಮೀರಿ ಮನೆಯಲ್ಲಿ ಉಳಿದಳು.

ರಜೆ ಚೀಟಿ ಕೊಟ್ಟಿದ್ದಳೇ? ಕೊಟ್ಟಿದ್ದಳು. ಆದರೆ ಅದರಲ್ಲಿ ಇದ್ದದ್ದು 'ಅನಾರೋಗ್ಯದ ಕಾರಣ' ಎಂಬ ಎರಡೇ ಪದ. ಅಕ್ಕ ಫೋನಿನಲ್ಲಿ ಹೇಳಿ ಬರೆಸಿದ್ದಳು: "ಟಿ.ಬಿ. ಅಂತ ಬರೀಬ್ಯಾಡವಾ. ನಾಳೆ ಮದುವಿ ಮಾತು ಬಂದಾಗ ಈ ಕಾಗದ ಎಲ್ಲೆಲ್ಲಿ ತಿರಗತೈತೋ." ಚೀಟಿಯನ್ನು ತರಗತಿಯ ಮೆಂಟರ್ ಕೈಗೆ ಕೊಟ್ಟು ಬಂದಿದ್ದಳು. ಇನ್ನೊಂದು ಪ್ರತಿಯ ಮೇಲೆ ಸಹಿ, ಮುದ್ರೆ ಹಾಕಿಸಿಕೊಳ್ಳಬೇಕೆಂದು ಹತ್ತೊಂಬತ್ತು–ಇಪ್ಪತ್ತರ ಹುಡುಗಿಗೆ ಯಾರು ಹೇಳಿಕೊಟ್ಟಿರುತ್ತಾರೆ? ಹೊಸ ವರ್ಷದ ಹೊತ್ತಿಗೆ ಆ ಚೀಟಿ ಯಾರ ಬಳಿಯೂ ಇರಲಿಲ್ಲ, ಮೆಂಟರ್ ಕೂಡ ಕೆಲಸ ಬಿಟ್ಟು ಹೋಗಿದ್ದರು.

ನಾನು ರಜೆ ಹಾಕಿ ಹೋದೆ. ಡೀನ್ ಕಚೇರಿಯ ಹೊರಗಿನ ಬೆಂಚಿನ ಮೇಲೆ ಮೊದಲ ದಿನ ಐದು ತಾಸು, ಎರಡನೇ ದಿನ ಮೂರು ತಾಸು ಕೂತೆ. ಡೀನ್ ಸಿಗಲಿಲ್ಲ. ಆಡಳಿತ ವಿಭಾಗದ ಒಬ್ಬರು ಮಾತಾಡಿದರು, ಸೌಜನ್ಯವಾಗಿಯೇ. ಹೆಸರು ತೆಗೆದಿರುವುದು ಮ್ಯಾನೇಜ್‌ಮೆಂಟ್ ನಿರ್ಧಾರ, ಈಗ ಏನೂ ಮಾಡಲಾಗುವುದಿಲ್ಲ, ಮೂಲ ಅಂಕಪಟ್ಟಿಗಳು ಬೇಕಿದ್ದರೆ ಉಳಿದ ವರ್ಷಗಳ ಶುಲ್ಕ ಕಟ್ಟಿ ಒಯ್ಯಿರಿ ಎಂದರು. ಮಧ್ಯದಲ್ಲಿ ಖಾಲಿಯಾದ ಎಂಬಿಬಿಎಸ್ ಸೀಟಿಗೆ ಮತ್ತೊಬ್ಬರನ್ನು ತುಂಬಿಕೊಳ್ಳಲಾಗುವುದಿಲ್ಲ. ಕೌನ್ಸೆಲಿಂಗ್ ಇರುವುದು ಮೊದಲ ವರ್ಷಕ್ಕೆ ಮಾತ್ರ. ಹಾಗಾಗಿ ಹೊರಗೆ ಹಾಕಿದ ವಿದ್ಯಾರ್ಥಿಯಿಂದಲೇ ಆ ನಷ್ಟ ತುಂಬಿಸಿಕೊಳ್ಳುವ ಲೆಕ್ಕ. ಮೂಲ ಪ್ರಮಾಣಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದು ನನಗೆ ಆಗ ಗೊತ್ತಿರಲಿಲ್ಲ. ಸುಮ್ಮನೆ ತಲೆಯಾಡಿಸಿ ಬಂದೆ.

ಬರುವ ಮುಂಚೆ ಒಂದನ್ನು ಮಾತ್ರ ಕೇಳಿದೆ: "ಹೆಸರು ತೆಗೆದ ಆದೇಶದ ಪ್ರತಿ ಕೊಡಿ." ಅದನ್ನು ಕೊಡಲು ಹನ್ನೊಂದು ದಿನ ತೆಗೆದುಕೊಂಡರು. ಅಷ್ಟರಲ್ಲಿ ನಾನು ಮರಾಠಿಯಲ್ಲಿ ಆವಕ–ಜಾವಕ ಎನ್ನುವ ಕಿಟಕಿಯನ್ನು ಕಂಡುಹಿಡಿದಿದ್ದೆ. ಕಾಗದ ಒಳಗೆ ಕೊಟ್ಟು, ನಮ್ಮ ಪ್ರತಿಯ ಮೇಲೆ ಮುದ್ರೆ, ನಂಬರು, ತಾರೀಖು ಹಾಕಿಸಿಕೊಳ್ಳುವ ಜಾಗ. ಆ ದೊಡ್ಡ ಕಟ್ಟಡದಲ್ಲಿ ನಾನು ನಂಬಿದ ಏಕೈಕ ಜಾಗವೂ ಅದೇ. ಡೀನ್ ಕೋಣೆಯಲ್ಲಿ ಎಷ್ಟು ಅತ್ತರೂ ದಾಖಲೆಯಾಗುವುದಿಲ್ಲ, ಕಿಟಕಿಯಲ್ಲಿ ಒಂದು ಹಾಳೆ ಕೊಟ್ಟರೆ ಆಗುತ್ತದೆ.

ಆದೇಶ ಬಂತು. ತಾರೀಖು ನವೆಂಬರ್ 21. 'ಮೂರು ನೋಟಿಸ್ ನೀಡಿದರೂ ಉತ್ತರಿಸದೆ, ಯಾವುದೇ ಮಾಹಿತಿ ಇಲ್ಲದೆ ದೀರ್ಘಕಾಲ ಗೈರುಹಾಜರಾದ ಕಾರಣ' ಎಂದು ಒಂದೇ ವಾಕ್ಯ. ಜೊತೆಗೆ ಮೂರು ನೋಟಿಸುಗಳ ಜೆರಾಕ್ಸ್, ರಿಜಿಸ್ಟರ್ಡ್ ಪೋಸ್ಟಿನ ರಸೀದಿಗಳು.

ನನ್ನ ಹೊಟ್ಟೆಪಾಡು ಲಾಗ್ ಫೈಲ್ ಓದುವುದು. ರಾತ್ರಿ ಎರಡಕ್ಕೆ ಯಾವುದೋ ಬ್ಯಾಂಕಿನ ವ್ಯವಸ್ಥೆ ಬಿದ್ದರೆ, ಯಾವ ಕ್ಷಣದಲ್ಲಿ ಯಾವ ಯಂತ್ರ ಏನು ಬರೆದುಕೊಂಡಿತು ಎಂದು ಸಾಲು ಸಾಲಾಗಿ ಜೋಡಿಸಿ ನೋಡುವುದು. ಈ ಕಾಗದಗಳನ್ನೂ ಹಾಗೆಯೇ ಜೋಡಿಸಿದೆ. ರಸೀದಿಯ ನಂಬರುಗಳನ್ನು ಅಂಚೆ ಇಲಾಖೆಯ ಟ್ರ್ಯಾಕಿಂಗ್‌ನಲ್ಲಿ ಹಾಕಿದೆ. ಸೆಪ್ಟೆಂಬರ್‌ನ ಮೊದಲ ನೋಟಿಸು, ಅಕ್ಟೋಬರ್‌ನ ಎರಡನೆಯದು, ಎರಡೂ ಹೋಗಿದ್ದು ಅದೇ ಕಾಲೇಜಿನ ಹಾಸ್ಟೆಲ್ ಕೋಣೆಯ ವಿಳಾಸಕ್ಕೆ. ಎರಡೂ ಕಳಿಸಿದವರಿಗೇ ವಾಪಸಾಗಿದ್ದವು. ಹಾಸ್ಟೆಲ್‌ನ ಔಟ್‌ಪಾಸ್ ಪುಸ್ತಕದಲ್ಲಿ ವಾರ್ಡನ್ ಸಹಿಯೊಂದಿಗೆ 'ಅನಾರೋಗ್ಯ, ಊರಿಗೆ' ಎಂದು ಜುಲೈನಲ್ಲೇ ಬರೆದಿತ್ತು. ಗದಗಿನ ವಿಳಾಸಕ್ಕೆ ಕಳಿಸಿದ ಮೂರನೇ ನೋಟಿಸಿನ ಮೇಲೆ ಅಕ್ಟೋಬರ್ 30 ಎಂದಿದೆ. ಅಂಚೆ ಕಚೇರಿಯಲ್ಲಿ ಅದು ಬುಕ್ ಆದದ್ದು ನವೆಂಬರ್ 28ಕ್ಕೆ. ಅಂದರೆ ಹೆಸರು ತೆಗೆದು ಒಂದು ವಾರವಾದ ಮೇಲೆ 'ಏಳು ದಿನದೊಳಗೆ ಕಾರಣ ತಿಳಿಸಿ' ಎಂಬ ಕಾಗದ ಹೊರಟಿತ್ತು.

ಇದನ್ನು ಭಾವನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲೋ ಮಾರಾಯಾ, ಅಕ್ಟೋಬರ್ ಹದಿನಾರಕ್ಕ ನಾ ಫೀ ಕಟ್ಟೇನಲ್ಲ? ನನ್ನ ಮೊಬೈಲಿಗೆ ಮೆಸೇಜ್ ಬಂದಿತ್ತು, ಕೊನೇ ತಾರೀಖು ಅಂತ" ಎಂದ. ರಸೀದಿ ಇತ್ತು. ಲೆಕ್ಕಪತ್ರ ವಿಭಾಗಕ್ಕೆ ತಂದೆಯ ನಂಬರು ಗೊತ್ತು. ಎರಡನೇ ನೋಟಿಸು ಹೊರಟ ಮೇಲೂ ಆ ವಿಭಾಗ ಅವಳ ಹೆಸರಿನಲ್ಲೇ ಕಂತು ಪಡೆದಿದೆ.

ಎಲ್ಲಕ್ಕಿಂತ ಗಟ್ಟಿ ದಾಖಲೆ ಸಿಕ್ಕಿದ್ದು ನಾವು ಹುಡುಕದ ಕಡೆ. ಕ್ಷಯವನ್ನು 2012ರ ಮೇ ತಿಂಗಳಿಂದ ದೇಶದಲ್ಲಿ ಕಡ್ಡಾಯವಾಗಿ ಸರ್ಕಾರಕ್ಕೆ ವರದಿ ಮಾಡಬೇಕಾದ ರೋಗವೆಂದು ಸಾರಲಾಗಿದೆ. ಖಾಸಗಿ ಆಸ್ಪತ್ರೆಗೂ ವಿನಾಯಿತಿ ಇಲ್ಲ. ರೋಗಿಯನ್ನು 'ನಿಕ್ಷಯ್' ಪೋರ್ಟಲ್‌ನಲ್ಲಿ ದಾಖಲಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದರ ಮೇಲೆ ಪೌಷ್ಟಿಕ ಆಹಾರಕ್ಕೆಂದು ನೇರ ಬ್ಯಾಂಕ್ ಖಾತೆಗೆ ಹಣ ಬರುತ್ತದೆ. 2018ರ ಏಪ್ರಿಲ್‌ನಲ್ಲಿ ಶುರುವಾದ ಈ ಯೋಜನೆಯಲ್ಲಿ ಆಗ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಹುಡುಗಿಯ ಪಾಸ್‌ಬುಕ್ಕಿನಲ್ಲಿ ಆ ಹಣ ಜಮೆಯಾಗಿತ್ತು. ದೆಹಲಿಯ ಕಂಪ್ಯೂಟರಿಗೆ ಇವಳು ರೋಗಿ ಎಂದು ಗೊತ್ತಿದೆ. ಹಾಗೆ ತಿಳಿಸಿದ್ದು ಇದೇ ಕಾಲೇಜಿನ ಆಸ್ಪತ್ರೆ. ಅದೇ ಕ್ಯಾಂಪಸ್ಸಿನಲ್ಲಿ ಅಲ್ಲಿಂದ ಮುನ್ನೂರು ಹೆಜ್ಜೆ ದೂರದ ಡೀನ್ ಕಚೇರಿ 'ಯಾವುದೇ ಮಾಹಿತಿ ಇಲ್ಲ' ಎಂದು ಬರೆದಿದೆ. ಆಸ್ಪತ್ರೆಗೆ ಅವಳೊಂದು ರೋಗಿ ಸಂಖ್ಯೆ, ಕಾಲೇಜಿಗೆ ರೋಲ್ ನಂಬರು, ಲೆಕ್ಕದವರಿಗೆ ರಸೀದಿ ಸಂಖ್ಯೆ. ಮೂರನ್ನೂ ಸೇರಿಸಿ ನೋಡುವ ಒಬ್ಬ ಮನುಷ್ಯ ಇರಲಿಲ್ಲ.

ಇಷ್ಟು ಬರೆದ ಮೇಲೆ ನಾವು ಮುಚ್ಚಿಡಬಯಸಿದ್ದನ್ನೂ ಬರೆಯಬೇಕು. ಕಾಲೇಜು ಕೊಟ್ಟ ಕಡತದಲ್ಲಿ ಒಂದು ಟಿಪ್ಪಣಿ ಇತ್ತು: 'ಸ್ಥಳೀಯ ಪೋಷಕರಿಗೆ ಎರಡು ಬಾರಿ ಕರೆ ಮಾಡಲಾಗಿದೆ, ನಂಬರ್ ಚಾಲ್ತಿಯಲ್ಲಿಲ್ಲ.' ಅದು ನಿಜ. ಅದು ಹಳೆಯ ಕಂಪನಿಯ ಸಿಮ್. 2022ರಲ್ಲಿ ಕೆಲಸ ಬದಲಿಸಿದಾಗ ವಾಪಸ್ ಕೊಟ್ಟಿದ್ದೆ. ಬ್ಯಾಂಕು, ಆಧಾರ್, ಗ್ಯಾಸ್, ಊಟ ತರಿಸುವ ಆ್ಯಪ್, ಎಲ್ಲ ಕಡೆ ಹೊಸ ನಂಬರು ಕೊಟ್ಟಿದ್ದೆ. ಅಕ್ಕನ ಮಗಳ ಕಾಲೇಜಿಗೆ ಕೊಡುವುದು ನೆನಪೇ ಆಗಿರಲಿಲ್ಲ. ಆ ಎರಡು ಕರೆಗಳಲ್ಲಿ ಒಂದು ನನಗೆ ಸಿಕ್ಕಿದ್ದರೂ ಈ ಲೇಖನ ಬರೆಯುವ ಪ್ರಸಂಗ ಬರುತ್ತಿರಲಿಲ್ಲ. ಆ ಟಿಪ್ಪಣಿ ಓದಿದ ದಿನ ಅಕ್ಕನಿಗೆ ಫೋನ್ ಮಾಡಲು ಮೂರು ಸಲ ಕೈಗೆತ್ತಿಕೊಂಡು ಮೂರು ಸಲವೂ ಕೆಳಗಿಟ್ಟೆ.

ಪುಣೆಯ ಶಿವಾಜಿನಗರದಲ್ಲಿ ಒಬ್ಬ ವಕೀಲರನ್ನು ಕಂಡೆ. ಡೀಮ್ಡ್ ವಿಶ್ವವಿದ್ಯಾಲಯ ಖಾಸಗಿಯಾದರೂ ಶಿಕ್ಷಣ ಕೊಡುವುದು ಸಾರ್ವಜನಿಕ ಕೆಲಸ, ಹಾಗಾಗಿ ಹೈಕೋರ್ಟಿಗೆ ರಿಟ್ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2015ರ ಜಾನೆಟ್ ಜಯಪಾಲ್ ಪ್ರಕರಣದಲ್ಲಿ ಹೇಳಿದೆ ಎಂದು ವಿವರಿಸಿದರು. ಇನ್ನೂ ಹಳೆಯದೊಂದನ್ನೂ ಹೇಳಿದರು. 1954ರ ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ಪಾಸಾದ ಮೂವರು ಹುಡುಗರ ಫಲಿತಾಂಶವನ್ನು ಉತ್ತರ ಪ್ರದೇಶದ ಪರೀಕ್ಷಾ ಮಂಡಳಿ ನಕಲಿನ ಶಂಕೆಯಿಂದ ರದ್ದು ಮಾಡಿತ್ತು, ಅವರನ್ನು ಒಂದು ಮಾತೂ ಕೇಳಿರಲಿಲ್ಲ. ನಿಯಮದಲ್ಲಿ 'ವಿಚಾರಿಸಬೇಕು' ಎಂದು ಬರೆದಿರದಿದ್ದರೂ ವಿಚಾರಿಸಲೇಬೇಕು, ಏಕೆಂದರೆ ಹುಡುಗರ ಇಡೀ ಭವಿಷ್ಯವೇ ಅದರಲ್ಲಿದೆ ಎಂದು 1962ರಲ್ಲಿ, ಘನಶ್ಯಾಮ್ ದಾಸ್ ಗುಪ್ತ ಪ್ರಕರಣದಲ್ಲಿ, ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅರವತ್ತು ವರ್ಷ ಹಳೆಯ ಕಾನೂನು. ಆದರೆ ರಿಟ್‌ಗೆ ವಕೀಲರು ಹೇಳಿದ ಖರ್ಚು ಕೇಳಿ ಭಾವ ಉಳಿದ ಹೊಲದ ಮಾತೆತ್ತಿದ. ವಕೀಲರೇ, "ಮೊದಲು ಕಾಲೇಜಿನ ಕುಂದುಕೊರತೆ ಸಮಿತಿಗೆ ಹೋಗಿ, ಕೋರ್ಟ್ ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು. ಅಷ್ಟು ಪ್ರಾಮಾಣಿಕವಾಗಿ ಕಕ್ಷಿದಾರನನ್ನು ವಾಪಸ್ ಕಳಿಸಿದ್ದಕ್ಕೆ ಅವರಿಗೆ ನಾನು ಈಗಲೂ ಋಣಿ.

ಎಲ್ಲ ವಜಾವೂ ಅನ್ಯಾಯವಲ್ಲ ಎನ್ನುವುದನ್ನೂ ಹೇಳಬೇಕು. ಮಧ್ಯಪ್ರದೇಶದ ವ್ಯಾಪಂ ಹಗರಣದಲ್ಲಿ 2008ರಿಂದ 2012ರವರೆಗೆ ವಂಚನೆಯಿಂದ ಸೀಟು ಪಡೆದ 634 ವಿದ್ಯಾರ್ಥಿಗಳ ಪ್ರವೇಶ ರದ್ದತಿಯನ್ನು ಸುಪ್ರೀಂ ಕೋರ್ಟ್ 2017ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಅವರಲ್ಲಿ ಎಷ್ಟೋ ಮಂದಿ ಆಗಲೇ ಓದು ಮುಗಿಸಿದ್ದರು. ಮೊದಲ ವರ್ಷದ ಪರೀಕ್ಷೆಗೆ ನಾಲ್ಕೇ ಅವಕಾಶ, ಇಡೀ ಕೋರ್ಸಿಗೆ ಒಂಬತ್ತು ವರ್ಷದ ಮಿತಿ ಎಂಬ ವೈದ್ಯಕೀಯ ಆಯೋಗದ ನಿಯಮವೂ ಇದೆ. ನಾಳೆ ನನ್ನ ತಾಯಿಗೆ ಸೂಜಿ ಚುಚ್ಚುವವರು ಸರಿಯಾಗಿ ಕಲಿತಿರಲಿ ಎಂದು ನಾನೂ ಬಯಸುತ್ತೇನೆ. ಹಾಜರಾತಿಗೂ ನಿಯಮವಿದೆ: ಥಿಯರಿಗೆ 75, ಪ್ರಾಕ್ಟಿಕಲ್‌ಗೆ 80 ಪ್ರತಿಶತ. ಕಡಿಮೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ. ಅಂದರೆ ಒಂದು ವರ್ಷ ಹಿಂದೆ ಬೀಳಬೇಕು. ಅದಕ್ಕೆ ನಾವು ತಯಾರಿದ್ದೆವು, ಅವಳೂ ತಯಾರಿದ್ದಳು. ವರ್ಷ ಹೋಗುವುದು ಬೇರೆ, ಹೆಸರೇ ಹೋಗುವುದು ಬೇರೆ.

2023ರ ಏಪ್ರಿಲ್‌ನಲ್ಲಿ ಯುಜಿಸಿ ವಿದ್ಯಾರ್ಥಿ ಕುಂದುಕೊರತೆಗಳಿಗೆಂದು ಹೊಸ ನಿಯಮಾವಳಿ ತಂದಿದೆ. ಪ್ರತಿ ಸಂಸ್ಥೆಯಲ್ಲೂ ಪ್ರಾಧ್ಯಾಪಕರೊಬ್ಬರ ಅಧ್ಯಕ್ಷತೆಯ ಸಮಿತಿ, ಅದರಲ್ಲಿ ಒಬ್ಬ ವಿದ್ಯಾರ್ಥಿ ಪ್ರತಿನಿಧಿ, ದೂರು ಬಂದ 15 ಕೆಲಸದ ದಿನಗಳಲ್ಲಿ ವರದಿ. ಒಪ್ಪಿಗೆಯಾಗದಿದ್ದರೆ 15 ದಿನಗಳಲ್ಲಿ ಒಂಬುಡ್ಸ್‌ಪರ್ಸನ್ ಬಳಿ ಮೇಲ್ಮನವಿ. ಕಾಗದದ ಮೇಲೆ ಚೆನ್ನಾಗಿದೆ. ವೆಬ್‌ಸೈಟಿನಲ್ಲಿದ್ದ ಸಮಿತಿಯ ಇಮೇಲ್‌ಗೆ ಕಳಿಸಿದ ದೂರು ಎರಡು ನಿಮಿಷದಲ್ಲಿ ಬೌನ್ಸ್ ಆಯಿತು. ಒಂಬುಡ್ಸ್‌ಪರ್ಸನ್ ಹೆಸರಿನ ಜಾಗ ಖಾಲಿ ಇತ್ತು. (ಈ ರೋಗ ಒಂದೇ ಕಡೆಯದಲ್ಲ. 2024ರ ಜೂನ್‌ನಲ್ಲಿ ಯುಜಿಸಿಯೇ ಒಂಬುಡ್ಸ್‌ಪರ್ಸನ್ ನೇಮಿಸದ 157 ವಿಶ್ವವಿದ್ಯಾಲಯಗಳ ಪಟ್ಟಿ ಹೊರಡಿಸಿತು.) ಮತ್ತೆ ನಮ್ಮ ಕಿಟಕಿಗೇ ಹೋದೆ. ಜನವರಿಯಲ್ಲಿ ನಾಲ್ಕು ಪುಟದ ದೂರು, ಹತ್ತೊಂಬತ್ತು ಲಗತ್ತು, ಮುದ್ರೆ.

ದೂರಿನ ಮೂರನೇ ಪುಟದಲ್ಲಿ ನಾನೇ ಬರೆದೆ: 'ನನ್ನ ಮೊಬೈಲ್ ನಂಬರ್ ಬದಲಾದದ್ದನ್ನು ತಿಳಿಸದಿರುವುದು ನನ್ನ ತಪ್ಪು. ರಜೆ ಅರ್ಜಿಯಲ್ಲಿ ರೋಗದ ಹೆಸರು ಬರೆಯದಿರುವುದು ಕುಟುಂಬದ ತಪ್ಪು.' ಭಾವನಿಗೆ ಇದು ಹಿಡಿಸಲಿಲ್ಲ. "ಅವರ ಕೈಯಾಗ ನಾವ ಕೋಲು ಕೊಟ್ಟಂಗ ಆತಲ್ಲೋ" ಎಂದ. ನನ್ನ ಲೆಕ್ಕ ಬೇರೆ ಇತ್ತು. ನಮ್ಮ ಕಚೇರಿಯಲ್ಲಿ ಏನೇ ಕೆಟ್ಟರೂ ಮರುದಿನ ಒಂದು ವರದಿ ಬರೆಯುತ್ತೇವೆ. ಅದಕ್ಕೆ ಹೆಸರೇ 'ಪೋಸ್ಟ್‌ಮಾರ್ಟಮ್'. ಎಲ್ಲಿ ತಪ್ಪಿತು, ಯಾರು ನೋಡಬೇಕಿತ್ತು, ಇನ್ನು ಮುಂದೆ ತಪ್ಪದಂತೆ ಏನು ಬದಲಾಯಿಸಿದೆವು ಎಂದು. ಒಬ್ಬ ತನ್ನ ತಪ್ಪು ಮೊದಲು ಬರೆದರೆ ಉಳಿದವರೂ ಬರೆಯುತ್ತಾರೆ, ನನ್ನ ಅನುಭವ ಅದು. ವೈದ್ಯಕೀಯ ಕಾಲೇಜಿಗೆ ಇದನ್ನು ವಿವರಿಸಬೇಕೇ? ರೋಗಿ ಸತ್ತರೆ ಆಸ್ಪತ್ರೆಯಲ್ಲಿ ಹಿರಿಯ ಕಿರಿಯರೆಲ್ಲ ಕೂತು ಪ್ರಕರಣ ಬಿಚ್ಚಿ ಚರ್ಚಿಸುತ್ತಾರೆ. ಇಲ್ಲಿ ಒಬ್ಬ ವಿದ್ಯಾರ್ಥಿನಿಯ ಹೆಸರು ಸತ್ತಿತ್ತು.

ಫೆಬ್ರುವರಿ ಕೊನೆಯಲ್ಲಿ ಸಮಿತಿ ಕರೆಯಿತು. ಉದ್ದ ಮೇಜು, ಬಿಸ್ಕತ್ತು, ಚಹಾ. ಆಡಳಿತ ವಿಭಾಗದವರು ಈಗ ಹೊಸ ಕಾರಣಗಳನ್ನು ತಂದಿದ್ದರು: ಆಂತರಿಕ ಪರೀಕ್ಷೆಯಲ್ಲಿ ಅಂಕ ಕಡಿಮೆ, ನಡವಳಿಕೆಯಲ್ಲಿ ಆಸಕ್ತಿಯಿಲ್ಲ. ನಾನು ವಕೀಲರು ಬರೆದುಕೊಟ್ಟಿದ್ದ ಚೀಟಿ ತೆಗೆದೆ. ಒಂದು ಆದೇಶವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು, ಆಮೇಲೆ ಹೊಸ ಕಾರಣ ಸೇರಿಸುವಂತಿಲ್ಲ ಎಂದು ಮೊಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ 1977ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಎಂದು ಓದಿದೆ. ಅಧ್ಯಕ್ಷರು ಕನ್ನಡಕ ಸರಿಸಿ, "ನೀವು ವಕೀಲರೇ?" ಎಂದು ಕೇಳಿದರು. ಸಾಫ್ಟ್‌ವೇರ್ ಎಂದೆ. ಅವರು ಏನನ್ನೋ ಗುರುತು ಹಾಕಿಕೊಂಡರು.

ಅಷ್ಟು ಹೊತ್ತೂ ಹುಡುಗಿಯನ್ನು ಯಾರೂ ಮಾತಾಡಿಸಿರಲಿಲ್ಲ. ಕೊನೆಗೆ ಸಮಿತಿಯಲ್ಲಿದ್ದ ಒಬ್ಬ ಮಹಿಳಾ ಪ್ರಾಧ್ಯಾಪಕರು ಡಿಸ್ಚಾರ್ಜ್ ಸಾರಾಂಶವನ್ನು ಕೈಗೆತ್ತಿಕೊಂಡು ಓದಿ, ಅವಳತ್ತ ತಿರುಗಿ, "ಮಾತ್ರೆ ಮುಗಿದವಾ? ಲಿವರ್ ರಿಪೋರ್ಟ್ ಹೇಗಿದೆ? ಊಟ ಸೇರುತ್ತಿದೆಯಾ?" ಎಂದು ಕೇಳಿದರು. ಅಲ್ಲಿಯವರೆಗೆ ಕಲ್ಲಿನಂತೆ ಕೂತಿದ್ದವಳು ಅಳತೊಡಗಿದಳು. ಆ ಕಾಲೇಜಿನಲ್ಲಿ ಅವಳನ್ನು ಒಬ್ಬ ಡಾಕ್ಟರಂತೆ ಪ್ರಶ್ನೆ ಕೇಳಿದ ಮೊದಲಿಗರು ಅವರೇ. ಜುಲೈ ನಂತರ ಅಂದರೆ ಏಳು ತಿಂಗಳ ಮೇಲೆ.

ಹದಿನೈದು ದಿನದ ವರದಿ ಮೇ ತಿಂಗಳಿಗೆ ಬಂತು. ಮರುಪ್ರವೇಶ ಕೊಟ್ಟಿದ್ದರು, ಕಿರಿಯ ಬ್ಯಾಚಿನೊಂದಿಗೆ. ಪತ್ರದ ಮಾತು ಹೀಗಿತ್ತು: 'ವಿಶೇಷ ಪ್ರಕರಣವೆಂದು ಪರಿಗಣಿಸಿ, ಸಹಾನುಭೂತಿಯ ನೆಲೆಯಲ್ಲಿ.' ಮೂರನೇ ನೋಟಿಸಿನ ತಾರೀಖಿನ ಬಗ್ಗೆ ಒಂದಕ್ಷರ ಇಲ್ಲ. ಹಾಸ್ಟೆಲ್ ವಿಳಾಸದ ಬಗ್ಗೆ ಇಲ್ಲ. ಫೀ ರಸೀದಿ ಬಗ್ಗೆ ಇಲ್ಲ. ನನ್ನ ನಂಬರಿನ ತಪ್ಪನ್ನು ಮಾತ್ರ ನನ್ನದೇ ವಾಕ್ಯದಲ್ಲಿ ಉದ್ಧರಿಸಿದ್ದರು. ಜೊತೆಗೊಂದು ಮುಚ್ಚಳಿಕೆಯ ನಮೂನೆ: ಈ ವಿಷಯದಲ್ಲಿ ಮುಂದೆ ಯಾವ ಪ್ರಾಧಿಕಾರಕ್ಕೂ ದೂರು ನೀಡುವುದಿಲ್ಲ ಎಂದು ವಿದ್ಯಾರ್ಥಿನಿ ಮತ್ತು ತಂದೆ ಸಹಿ ಹಾಕಬೇಕು.

ನಾನು ಸಿಟ್ಟಿನಲ್ಲಿ ಕುದಿಯುತ್ತಿದ್ದೆ. ನಾವು ಕೇಳಿದ್ದು ಕರುಣೆಯಲ್ಲ, 'ಆದೇಶ ತಪ್ಪು' ಎಂಬ ಎರಡು ಪದ. ಸಹಾನುಭೂತಿ ಎಂದರೆ ತಪ್ಪು ಅವಳದೇ, ಕ್ಷಮಿಸಿದವರು ಅವರು. ಸಹಿ ಹಾಕಬೇಡಿ, ರಿಟ್ ಹಾಕೋಣ, ಖರ್ಚು ನನ್ನದು ಎಂದೆ. ಅಕ್ಕ ಕೈಮುಗಿದು ಬೇಡ ಎಂದಳು. ಭಾವ ಮಾತಾಡಲಿಲ್ಲ. ಹುಡುಗಿಯೇ ಕೊನೆಗೆ ಹೇಳಿದ್ದು: "ಮಾಮಾ, ನೀ ಹೇಳೋದು ಖರೇನ ಐತಿ. ಆದ್ರ ಸೋಮವಾರ ಪೆಥಾಲಜಿ ಕ್ಲಾಸ್ ಐತಿ. ನನಗ ಅಲ್ಲಿ ಕೂಡಬೇಕಾಗೇತಿ." ನನ್ನ ಸಿಟ್ಟಿನಲ್ಲಿ ಎಷ್ಟು ಭಾಗ ಅವಳಿಗಾಗಿ, ಎಷ್ಟು ಭಾಗ ಆ ಕೊಡದ ನಂಬರಿನ ಸಾಲ ತೀರಿಸಲು ಎಂದು ಆ ರಾತ್ರಿ ಯೋಚಿಸಿದೆ. ಲೆಕ್ಕ ಸರಿಹೋಗಲಿಲ್ಲ.

ಸಹಿ ಹಾಕಿದರು. ಮುಚ್ಚಳಿಕೆ ಬರೆದುಕೊಟ್ಟವರು ಅವಳು ಮತ್ತು ಭಾವ, ನಾನಲ್ಲ. ಹಾಗಾಗಿ ಜುಲೈನಲ್ಲಿ ನನ್ನ ಹೆಸರಿನಲ್ಲಿ ಒಂದು ಪುಟದ ಪತ್ರ ಕಿಟಕಿಯಲ್ಲಿ ಕೊಟ್ಟೆ. ದೂರಲ್ಲ, ಪ್ರಶ್ನೆಗಳು. ನೋಟಿಸನ್ನು ಮನೆಯ ವಿಳಾಸಕ್ಕೂ ತಂದೆ–ತಾಯಿಯ ಮೊಬೈಲಿಗೂ ಕಳಿಸುವ ವ್ಯವಸ್ಥೆ ಮಾಡಿದ್ದೀರಾ? ನಿಮ್ಮದೇ ಆಸ್ಪತ್ರೆಯಲ್ಲಿ ದಾಖಲಾದ ವಿದ್ಯಾರ್ಥಿಯ ಮಾಹಿತಿ ಡೀನ್ ಕಚೇರಿಗೆ ಹೋಗುತ್ತದೆಯೇ? ಹೆಸರು ತೆಗೆಯುವ ಮುಂಚೆ ಒಮ್ಮೆ ಎದುರು ಕೂರಿಸಿ ಕೇಳುವ ನಿಯಮ ಬರೆದಿದ್ದೀರಾ? ನಾಲ್ಕು ತಿಂಗಳ ಮೇಲೆ ಉತ್ತರ ಬಂತು: 'ಸದರಿ ವಿಷಯ ಮುಕ್ತಾಯಗೊಂಡಿದೆ.' ಕೆಳಗೆ ಸಹಿ, ನವೆಂಬರ್ 21ರ ಆದೇಶದ ಮೇಲಿದ್ದ ಅದೇ ಸಹಿ.

ಈಗ ಅವಳು ಕೊನೆಯ ಹಂತದಲ್ಲಿದ್ದಾಳೆ. ತನ್ನ ಬ್ಯಾಚಿನ ಗೆಳತಿಯರು ಒಂದು ವರ್ಷ ಮುಂದಿದ್ದಾರೆ. ವಾರ್ಡಿನಲ್ಲಿ ಎದುರಾದರೆ ಅವರನ್ನು ರೂಢಿಯಂತೆ ಸೀನಿಯರ್ ಎಂದು ಕರೆಯಬೇಕು, ಅದೊಂದು ಇನ್ನೂ ಕಷ್ಟ ಎನ್ನುತ್ತಾಳೆ. ಹಾಸ್ಟೆಲಿಗೆ ಹೊಸದಾಗಿ ಬಂದ ಹುಡುಗಿಯರಿಗೆ ರಜೆ ಚೀಟಿ ಎರಡು ಪ್ರತಿ ಬರೆಯಿರಿ, ಮುದ್ರೆ ಹಾಕಿಸಿಕೊಳ್ಳಿ ಎಂದು ಕಲಿಸುತ್ತಿದ್ದಾಳಂತೆ. ಅಕ್ಕನೂ ಬದಲಾಗಿದ್ದಾಳೆ. ಹೋದ ಸಲ ಊರಿಗೆ ಹೋದಾಗ ಪಕ್ಕದ ಮನೆಯವರ ಮುಂದೆ, "ನಮ್ಮ ಹುಡುಗಿಗೆ ಟಿ.ಬಿ. ಆಗಿತ್ತು, ಮಾತ್ರಿ ತಗೊಂಡ್ಳು, ಹೋತು" ಎಂದು ಬದನೆಕಾಯಿ ಹೆಚ್ಚುತ್ತ ಹೇಳಿದಳು.

ನನ್ನ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಪತ್ರ ತಯಾರಾಗಿದೆ, ಯುಜಿಸಿಗೂ ವೈದ್ಯಕೀಯ ಆಯೋಗಕ್ಕೂ. ಹತ್ತೊಂಬತ್ತು ಲಗತ್ತುಗಳೂ ಹಾಗೇ ಇವೆ. ಕಳಿಸಲೇ ಎಂದು ಪ್ರತಿ ದೀಪಾವಳಿಗೆ ಕೇಳುತ್ತೇನೆ. "ಡಿಗ್ರಿ ಕೈಗೆ ಬರೋ ತನಕ ತಡಿ ಮಾಮಾ" ಎನ್ನುತ್ತಾಳೆ. ಕಾಲೇಜಿನ ಅರ್ಜಿಯಲ್ಲಿ ನನ್ನ ಹೊಸ ನಂಬರು ಬರೆಸಿದ್ದೇನೆ. ಸರಿಯಾಗಿ ಬರೆದುಕೊಂಡಿದ್ದಾರೆಯೇ ಎಂದು ಅಲ್ಲೇ ನಿಂತು, ಅವರ ಫೋನಿನಿಂದಲೇ ಒಮ್ಮೆ ಕರೆ ಮಾಡಿಸಿ ನೋಡಿದೆ. ಜೇಬಿನಲ್ಲಿ ಅದು ಬಡಿದುಕೊಂಡಿತು.